ಕಯ್ಯೂರು ಮೊಕದ್ದಮೆ: ಕೋರ್ಟಿನಲ್ಲಿ ಯಾರ ಪಾತ್ರ ಏನು?

ನಿರಂಜನರ ‘ಚಿರಸ್ಮರಣೆ’ ಓದಿದವರಿಗೆ ಕಯ್ಯೂರು ಹೊಸ ಹೆಸರಲ್ಲ. ಇಂದು ಕಾಸರಗೋಡು ಜಿಲ್ಲೆಯಲ್ಲಿರುವ ಈ ಊರು ಆಗ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. 1941ರ ಮಾರ್ಚ್ 28ರಂದು ರೈತರ ಮೆರವಣಿಗೆಗೆ ಎದುರಾದ ಪೊಲೀಸ್ ಸುಬ್ಬರಾಯನ್ ಹೊಳೆಯಲ್ಲಿ ಸತ್ತರು. ವಿಚಾರಣೆ ಮಂಗಳೂರಿನ ಸೆಷನ್ಸ್ ಕೋರ್ಟಿನಲ್ಲಿ ನಡೆಯಿತು. ಮಠತ್ತಿಲ್ ಅಪ್ಪು, ಚಿರುಕಂಡನ್, ಕುಂಞಂಬು ನಾಯರ್ ಮತ್ತು ಅಬೂಬಕ್ಕರ್ ಎಂಬ ನಾಲ್ವರನ್ನು 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಲಾಯಿತು.

ಹೋರಾಟದ ಕಥೆ ಬಹಳ ಸಲ ಹೇಳಿ ಆಗಿದೆ. ಆದರೆ ಇಂಥ ಮೊಕದ್ದಮೆಯಲ್ಲಿ ಯಾರ ಕೆಲಸ ಏನು ಎಂಬುದನ್ನು ನಮ್ಮ ಮನೆಗಳಲ್ಲಿ ಮಾತಾಡುವುದು ಕಡಿಮೆ.

ಕ್ರಿಮಿನಲ್ ಕೇಸಿನಲ್ಲಿ ಆರೋಪಿಯ ಎದುರು ನಿಲ್ಲುವುದು ಸತ್ತವರ ಮನೆಯವರಲ್ಲ, ಸರಕಾರ. ಪೊಲೀಸರು ತನಿಖೆ ಮಾಡುತ್ತಾರೆ, ಪಬ್ಲಿಕ್ ಪ್ರಾಸಿಕ್ಯೂಟರ್ ಸರಕಾರದ ಪರ ವಾದಿಸುತ್ತಾರೆ. ಕಯ್ಯೂರಿನಲ್ಲಿ ಸತ್ತವರೂ ಪೊಲೀಸ್, ತನಿಖೆ ಮಾಡಿದವರೂ ಪೊಲೀಸರು. ಇಂಥ ಕಡೆ ಆರೋಪಿ ಪರ ವಕೀಲರ ಪಾಟೀಸವಾಲಿಗೆ ಬೆಲೆ ಹೆಚ್ಚು. ಸಾಕ್ಷಿ ಹೇಳಿದ್ದನ್ನು ಒರೆಗೆ ಹಚ್ಚುವುದು ಅಲ್ಲೇ.

ಆಗ ಜಾರಿಯಲ್ಲಿದ್ದದ್ದು 1898ರ ದಂಡ ಪ್ರಕ್ರಿಯಾ ಸಂಹಿತೆ. ಸೆಷನ್ಸ್ ವಿಚಾರಣೆಗೆ ಜ್ಯೂರಿ ಅಥವಾ ಅಸೆಸರುಗಳು ಬೇಕು ಎಂದು ಅದು ಹೇಳುತ್ತಿತ್ತು. ಅಸೆಸರುಗಳು ಊರಿನ ಜನರೇ. ಅವರು ತಮ್ಮ ಅಭಿಪ್ರಾಯ ಹೇಳಬಹುದಿತ್ತು, ಆದರೆ ನ್ಯಾಯಾಧೀಶರು ಅದಕ್ಕೆ ಕಟ್ಟುಬಿದ್ದಿರಲಿಲ್ಲ. ಆರೋಪಿ ನ್ಯಾಯಾಧೀಶರ ಪ್ರಶ್ನೆಗೆ ಉತ್ತರಿಸಬಹುದಿತ್ತು, ಆದರೆ ಪ್ರಮಾಣ ಮಾಡಿ ತನ್ನ ಪರವಾಗಿ ಸಾಕ್ಷಿ ಹೇಳುವಂತಿರಲಿಲ್ಲ. ಆ ಅವಕಾಶ 1955ರ ತಿದ್ದುಪಡಿಯಲ್ಲಿ ಬಂತು. ಅಸೆಸರುಗಳ ಪದ್ಧತಿ ಹೋದದ್ದೂ ಆಗಲೇ.

ಸೆಷನ್ಸ್ ನ್ಯಾಯಾಧೀಶರು ಮರಣದಂಡನೆ ಬರೆದರೆ ಅಲ್ಲಿಗೆ ಮುಗಿಯುವುದಿಲ್ಲ. ಹೈಕೋರ್ಟ್ ಅದನ್ನು ದೃಢಪಡಿಸಬೇಕು. ಅಂದೂ ಹಾಗೆಯೇ, ಇಂದೂ ಹಾಗೆಯೇ. ಕಯ್ಯೂರಿನ ಚೂರಿಕ್ಕಾಡನ್ ಕೃಷ್ಣನ್ ನಾಯರ್ ಪ್ರಾಯ ತುಂಬದ ಹುಡುಗನೆಂಬ ಕಾರಣಕ್ಕೆ ನೇಣಿನಿಂದ ಉಳಿದರು. ಉಳಿದ ನಾಲ್ವರಿಗೆ ಆ ದಾರಿ ಇರಲಿಲ್ಲ.

ಗಡಿನಾಡಿನ ನಮಗೆ ಇನ್ನೊಬ್ಬರ ಪಾತ್ರವೂ ಮುಖ್ಯ. ಅವರು ದುಭಾಷಿ. ಸಾಕ್ಷಿಯ ಮಾತು ಆರೋಪಿಗೆ ಅರ್ಥವಾಗದ ಭಾಷೆಯಲ್ಲಿದ್ದರೆ, ಅದನ್ನು ತೆರೆದ ಕೋರ್ಟಿನಲ್ಲೇ ಅವನಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು. 1898ರ ಕಾನೂನಿನಲ್ಲಿ ಇದ್ದ ಈ ನಿಯಮ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇದೆ.

ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ ಎಂದು ಬದುಕುವವರು ಕಾಸರಗೋಡಿನಲ್ಲಿ ಎಷ್ಟೋ ಮಂದಿ. ಆರೋಪಿಯ ಕಟಕಟೆಯಲ್ಲಿ ನಿಂತವನಿಗೆ ಸಾಕ್ಷಿಯ ಮಾತು ತಿಳಿಯದಿದ್ದರೆ ಸುಮ್ಮನೆ ತಲೆಯಾಡಿಸಬೇಕಾಗಿಲ್ಲ. “ನನಗೆ ಅರ್ಥವಾಗಲಿಲ್ಲ” ಎನ್ನುವುದು ಅವನ ಹಕ್ಕು. ನಮ್ಮ ಮಕ್ಕಳಿಗೆ ಕಯ್ಯೂರಿನ ಕಥೆ ಹೇಳುವಾಗ ಇದನ್ನೂ ಸೇರಿಸಿ ಹೇಳೋಣ.