ಆಮ್ಲಜನಕ: ತಪ್ಪಾಗಿ ಉಳಿದ ಹೆಸರು

ಪ್ರೌಢಶಾಲೆಯಲ್ಲಿ ನೀವು ಮಾಡಿರುವ ಒಂದು ಪ್ರಯೋಗವನ್ನು ನೆನಪಿಸಿಕೊಳ್ಳಿ. ಪ್ರನಾಳದಲ್ಲಿ ನಾಲ್ಕಾರು ಸತುವಿನ ಚೂರುಗಳು. ಅವುಗಳ ಮೇಲೆ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲ. ಗುಳ್ಳೆಗಳೇಳುತ್ತವೆ. ಉರಿಯುವ ಕಡ್ಡಿಯನ್ನು ಪ್ರನಾಳದ ಬಾಯಿಗೆ ಹಿಡಿದರೆ 'ಪಟ್' ಎಂಬ ಸದ್ದು. ಹೊರಬಂದದ್ದು ಜಲಜನಕ. ಈ ಆಮ್ಲದ ಅಣುವಿನಲ್ಲಿರುವುದು ಒಂದು ಜಲಜನಕದ ಪರಮಾಣು, ಒಂದು ಕ್ಲೋರಿನ್ ಪರಮಾಣು, ಅಷ್ಟೆ. ಆಮ್ಲಜನಕದ ಸುಳಿವೇ ಇಲ್ಲ. ಹಾಗಿದ್ದರೆ 'ಆಮ್ಲವನ್ನು ಹುಟ್ಟಿಸುವುದು' ಎಂಬ ಹೆಸರು ಆ ಇನ್ನೊಂದು ಅನಿಲಕ್ಕೆ ಹೇಗೆ ಅಂಟಿಕೊಂಡಿತು?

ಹೆಸರಿಟ್ಟವನು ಫ್ರಾನ್ಸಿನ ಲವಾಸಿಯೆ. 1770ರ ದಶಕದಲ್ಲಿ ಅವನು ಗಂಧಕವನ್ನೂ ರಂಜಕವನ್ನೂ ಉರಿಸಿ ನೋಡಿದ. ಉರಿದಾಗ ಅವು ಗಾಳಿಯ ಒಂದು ಭಾಗವನ್ನು ಹೀರಿಕೊಂಡು ತೂಕದಲ್ಲಿ ಹೆಚ್ಚುತ್ತಿದ್ದವು. ಉಂಟಾದ ವಸ್ತುವನ್ನು ನೀರಿನಲ್ಲಿ ಕರಗಿಸಿದರೆ ಆಮ್ಲ ಸಿಗುತ್ತಿತ್ತು. ಇಂಗಾಲವನ್ನು ಉರಿಸಿದರೂ ಅದೇ ಕಥೆ. ಗಾಳಿಯ ಆ ಭಾಗವೇ ಹುಳಿಯ ಮೂಲ ಎಂದು ಅವನು ನಂಬಿದ್ದು ಸಹಜವೇ. ಗ್ರೀಕ್ ಭಾಷೆಯ ಎರಡು ಪದಗಳನ್ನು ಜೋಡಿಸಿ 'ಆಕ್ಸಿಜನ್' ಎಂದು ಕರೆದ. ಉಪ್ಪಿನಿಂದ ತೆಗೆಯುತ್ತಿದ್ದ ಆಮ್ಲದಲ್ಲಿ, ಅಂದರೆ ನಿಮ್ಮ ಪ್ರನಾಳದ ಅದೇ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ, ಆಮ್ಲಜನಕವನ್ನು ಯಾರೂ ಕಂಡಿರಲಿಲ್ಲ. ಎಲ್ಲೋ ಅಡಗಿದೆ, ಮುಂದೆ ಸಿಕ್ಕೀತು ಎಂದುಕೊಂಡರು. 1794ರಲ್ಲಿ ಲವಾಸಿಯೆ ಗಿಲೊಟಿನ್‌ಗೆ ಬಲಿಯಾದ. ಅವನ ಸಿದ್ಧಾಂತ ಮಾತ್ರ ಬಲವಾಗಿಯೇ ಇತ್ತು.

ಅದನ್ನು ಅಲುಗಿಸಿದ್ದು ವಿದ್ಯುತ್ತು. 1800ರಲ್ಲಿ ವೋಲ್ಟಾನ ವಿದ್ಯುತ್ಕೋಶದ ಸುದ್ದಿ ಲಂಡನ್ನಿಗೆ ಬಂದ ಕೆಲವೇ ವಾರಗಳಲ್ಲಿ ನಿಕಲ್ಸನ್ ಮತ್ತು ಕಾರ್ಲೈಲ್ ನೀರಿನೊಳಗೆ ವಿದ್ಯುತ್ತನ್ನು ಹರಿಸಿ ಜಲಜನಕ, ಆಮ್ಲಜನಕಗಳನ್ನು ಬೇರ್ಪಡಿಸಿದರು. ಆದರೆ ಜೊತೆಗೆ ಒಂದು ಒಗಟೂ ಹುಟ್ಟಿತು. ಧನಾಗ್ರದ ಬಳಿ ಲಿಟ್ಮಸ್ ಕೆಂಪಾಗುತ್ತಿತ್ತು. ಋಣಾಗ್ರದ ಬಳಿ ಕ್ಷಾರ ಸೇರುತ್ತಿತ್ತು. ಶುದ್ಧ ನೀರೆಂದು ಹಾಕಿದ್ದರಲ್ಲಿ ಇವೆಲ್ಲಿಂದ ಬಂದವು? ವಿದ್ಯುತ್ತೇ ಇವುಗಳನ್ನು ಸೃಷ್ಟಿಸುತ್ತದೆ ಎಂದವರೂ ಇದ್ದರು.

ಇಂಗ್ಲೆಂಡಿನ ಹಂಫ್ರಿ ಡೇವಿ ಈ ಒಗಟನ್ನು ಬಿಡಿಸಿದ ರೀತಿಯನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಅವನಿಗೆ ಮೊದಲು ಅನುಮಾನ ಬಂದದ್ದು ಗಾಜಿನ ಪಾತ್ರೆಯ ಮೇಲೆ. ಅದನ್ನು ಬಿಟ್ಟು ಅಗೇಟ್ ಕಲ್ಲಿನ ಬಟ್ಟಲುಗಳನ್ನು ಬಳಸಿದ. ಆಮೇಲೆ ಚಿನ್ನದ ಪಾತ್ರೆಗಳು. ಕ್ಷಾರ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ನೀರನ್ನು ಬೆಳ್ಳಿಯ ಪಾತ್ರೆಯಲ್ಲಿ ಮತ್ತೆ ನಿಧಾನವಾಗಿ ಬಟ್ಟಿ ಇಳಿಸಿದ. ಆಗಲೂ ಧನಾಗ್ರದಲ್ಲಿ ಸಾರಜನಕದ ಆಮ್ಲ ಕಾಣಿಸಿತು. ನೀರಿನಲ್ಲಿ ಕರಗಿದ ಗಾಳಿಯಲ್ಲಿ ಸಾರಜನಕವಿದೆಯಲ್ಲ! ಕೊನೆಗೆ ಇಡೀ ಉಪಕರಣವನ್ನು ಗಾಜಿನ ಗಂಟೆಯೊಳಗಿಟ್ಟು, ಗಾಳಿಯನ್ನು ಹೊರತೆಗೆದು, ಜಲಜನಕವನ್ನು ತುಂಬಿಸಿದ. ಈಗ ಆಮ್ಲವೂ ಇಲ್ಲ, ಕ್ಷಾರವೂ ಇಲ್ಲ. ಬಂದದ್ದು ಎರಡು ಅನಿಲಗಳು ಮಾತ್ರ. ವಿದ್ಯುತ್ತು ಏನನ್ನೂ ಸೃಷ್ಟಿಸುವುದಿಲ್ಲ, ಇರುವುದನ್ನು ಬಿಡಿಸುತ್ತದೆ ಎಂದು 1806ರ ನವೆಂಬರಿನಲ್ಲಿ ರಾಯಲ್ ಸೊಸೈಟಿಯ ಮುಂದೆ ಅವನು ವಿವರಿಸಿದ. ಇಂಗ್ಲೆಂಡ್, ಫ್ರಾನ್ಸ್‌ಗಳ ನಡುವೆ ಯುದ್ಧ ನಡೆಯುತ್ತಿದ್ದರೂ ಫ್ರಾನ್ಸಿನ ವಿಜ್ಞಾನಿಗಳು ಈ ಕೆಲಸಕ್ಕೆ ಬಹುಮಾನ ಕೊಟ್ಟರು.

ಮರುವರ್ಷ ಅವನ ಕಣ್ಣು ಬಿದ್ದದ್ದು ಪೊಟ್ಯಾಷ್ ಮೇಲೆ. ಹಿಂದೆ ನಮ್ಮ ಮನೆಗಳಲ್ಲಿ ಬಟ್ಟೆ ಒಗೆಯಲು ಬಳಸುತ್ತಿದ್ದ ಬೂದಿನೀರಿನ ಜಾರುವ ಗುಣ ನಿಮಗೆ ಗೊತ್ತಿರಬಹುದು. ಅದರ ಪ್ರಬಲ ರೂಪವೇ ಇದು. ನೀರಿನಲ್ಲಿ ಕರಗಿಸಿದ ಪೊಟ್ಯಾಷ್‌ಗೆ ವಿದ್ಯುತ್ ಹಾಯಿಸಿದರೆ ನೀರು ಮಾತ್ರ ಒಡೆಯುತ್ತಿತ್ತು. ಪೂರ್ತಿ ಒಣಗಿದ ಪೊಟ್ಯಾಷ್‌ನಲ್ಲಿ ವಿದ್ಯುತ್ ಹರಿಯುತ್ತಲೇ ಇರಲಿಲ್ಲ. ಪೊಟ್ಯಾಷ್ ತುಂಡೊಂದನ್ನು ಸ್ವಲ್ಪ ಹೊತ್ತು ಗಾಳಿಗೆ ಒಡ್ಡಿ, ಮೇಲ್ಮೈ ಮಾತ್ರ ತೇವವಾಗುವಂತೆ ಮಾಡಿ, ಅದನ್ನು ಋಣಾಗ್ರವಾದ ಪ್ಲಾಟಿನಂ ತಟ್ಟೆಯ ಮೇಲಿಟ್ಟ. ಮೇಲಿನಿಂದ ಧನಾಗ್ರದ ತಂತಿಯನ್ನು ಮುಟ್ಟಿಸಿದ. ತುಂಡು ಕರಗತೊಡಗಿತು. ಅಡಿಯಲ್ಲಿ ಪಾದರಸದಂತೆ ಹೊಳೆಯುವ ಹನಿಗಳು! ಕೆಲವು ಸಿಡಿದು ಉರಿದವು, ಉಳಿದವು ಕ್ಷಣದಲ್ಲಿ ಮಂಕಾದವು. 1807ರ ಅಕ್ಟೋಬರ್ ತಿಂಗಳು ಅದು. ಡೇವಿ ಕೋಣೆಯಲ್ಲೆಲ್ಲ ಕುಣಿದಾಡಿದನೆಂದು ಜೊತೆಗಿದ್ದ ಅವನ ಸೋದರಸಂಬಂಧಿ ಎಡ್ಮಂಡ್ ಹೇಳಿದ್ದಾನೆ. ಆ ಹನಿಗಳೇ ಪೊಟ್ಯಾಸಿಯಂ. ಕೆಲವೇ ದಿನಗಳಲ್ಲಿ ಸೋಡಿಯಂ ಕೂಡ ಸಿಕ್ಕಿತು.

ಹೊಸ ಲೋಹಗಳ ಸಂಭ್ರಮದಲ್ಲಿ ನಾವು ಸಾಮಾನ್ಯವಾಗಿ ಮರೆಯುವ ಮಾತೊಂದಿದೆ. ಲೋಹ ಋಣಾಗ್ರದಲ್ಲಿ ಬಂದರೆ ಧನಾಗ್ರದಲ್ಲಿ ಬಂದದ್ದೇನು? ಆಮ್ಲಜನಕ. ಆಮ್ಲಕ್ಕೆ ನೇರ ವಿರುದ್ಧವಾದ ಕ್ಷಾರದಲ್ಲೂ ಆಮ್ಲಜನಕ! ಇದನ್ನು ಆಮ್ಲದ ಮೂಲ ಎನ್ನುವುದಾದರೆ ಕ್ಷಾರದ ಮೂಲ ಎಂದೂ ಕರೆಯಬೇಕಾದೀತು ಎಂದು ಡೇವಿಯೇ ಗಮನಿಸಿದ. (ಇಲ್ಲಿ ಅವನೂ ಎಡವಿದ. ಕ್ಷಾರಗಳಲ್ಲೆಲ್ಲ ಆಮ್ಲಜನಕವಿರಬೇಕೆಂದು ಊಹಿಸಿ ಅಮೋನಿಯದಲ್ಲೂ ಅದಿದೆ ಎಂದುಬಿಟ್ಟ. ಲವಾಸಿಯೆ ಮಾಡಿದ ತಪ್ಪೂ ಇಂಥದ್ದೇ ಅಲ್ಲವೆ?)

ಇನ್ನುಳಿದದ್ದು ಉಪ್ಪಿನ ಆಮ್ಲ. ಅದರಿಂದ ದೊರೆಯುವ ಹಸಿರು ಅನಿಲವನ್ನು ಷೀಲೆ 1774ರಲ್ಲೇ ಪಡೆದಿದ್ದ. ಅದರಲ್ಲಿ ಆಮ್ಲಜನಕವಿದೆ ಎಂದೇ ಎಲ್ಲರ ನಂಬಿಕೆ. ಡೇವಿ ಆ ಅನಿಲದಲ್ಲಿ ಇದ್ದಿಲನ್ನಿಟ್ಟು ವಿದ್ಯುತ್ತಿನಿಂದ ಬಿಳಿಯಾಗಿ ಕಾಯಿಸಿದ. ಆಮ್ಲಜನಕವಿದ್ದರೆ ಇದ್ದಿಲು ಅದನ್ನು ಬಿಡದೆ ಸೆಳೆಯುತ್ತಿತ್ತು. ಏನೂ ಆಗಲಿಲ್ಲ. 1810ರಲ್ಲಿ ಅದೊಂದು ಧಾತು ಎಂದು ಸಾರಿ, ಬಣ್ಣವನ್ನೇ ಆಧರಿಸಿ ಕ್ಲೋರಿನ್ ಎಂದು ಹೆಸರಿಟ್ಟ. ಬರ್ಜೀಲಿಯಸ್‌ನಂಥ ಘಟಾನುಘಟಿ ಇದನ್ನು ಹಲವು ವರ್ಷ ಒಪ್ಪಲಿಲ್ಲ. ಲೋಹವು ಪಲ್ಲಟಗೊಳಿಸಬಲ್ಲ ಜಲಜನಕವಿರುವ ಸಂಯುಕ್ತವೇ ಆಮ್ಲ ಎಂದು 1838ರಲ್ಲಿ ಲೀಬಿಗ್ ಹೇಳಿದ. ನಿಮ್ಮ ಪ್ರನಾಳದಲ್ಲಿ ಸತು ಮಾಡುತ್ತಿದ್ದುದು ಅದನ್ನೇ. ತಾಮ್ರದ ಚೂರು ಹಾಕಿದ್ದರೆ ಗುಳ್ಳೆ ಬರುತ್ತಿರಲಿಲ್ಲ. ಜಲಜನಕವನ್ನು ಹೊರದೂಡುವಷ್ಟು ಪಟುತ್ವ ಅದಕ್ಕಿಲ್ಲ.

ನ್ಯಾಯವಾಗಿ 'ಆಮ್ಲಜನಕ' ಎಂಬ ಹೆಸರು 'ಪಟ್' ಎಂದ ಅನಿಲಕ್ಕೇ ಸಲ್ಲಬೇಕಿತ್ತು. ಅಷ್ಟರಲ್ಲಿ ಹಳೆಯ ಹೆಸರು ಪುಸ್ತಕಗಳಲ್ಲೆಲ್ಲ ಬೇರೂರಿತ್ತು. ಜರ್ಮನರು ಅದನ್ನು 'ಹುಳಿಯ ವಸ್ತು' ಎಂದು ತಮ್ಮ ಭಾಷೆಗೆ ತಂದುಕೊಂಡರು, ನಾವು ಆಮ್ಲಜನಕ ಎಂದೆವು. ಈ ಪದವೇ ಬೇಡ, ಆಕ್ಸಿಜನ್ ಎಂದೇ ಬರೆಯೋಣ ಎನ್ನುವವರಿದ್ದಾರೆ. ಬರೆಯಬಹುದು. ಆದರೆ ಗ್ರೀಕ್ ಬಲ್ಲವರನ್ನು ಅದರ ಅರ್ಥ ಕೇಳಿ ನೋಡಿ, ಅವರೂ ಹೇಳುವುದು ಅದನ್ನೇ.