ಕಾರಿನ ಇಂಧನ ಆರಿಸಿದ್ದು ಯಾರು?

ಮನೆಗೆ ಕಾರು ಕೊಳ್ಳುವವರು ಪೆಟ್ರೋಲೋ ಡೀಸೆಲೋ ಎಂದು ತಲೆ ಕೆಡಿಸಿಕೊಳ್ಳತೊಡಗಿದ್ದು ತೀರಾ ಹಿಂದೇನಲ್ಲ. ಅದಕ್ಕೂ ಮೊದಲು ಡೀಸೆಲ್ ಎಂದರೆ ಲಾರಿ, ಬಸ್ಸು, ಟ್ರ್ಯಾಕ್ಟರು, ಪಂಪ್‌ಸೆಟ್ಟು. 1951ರಲ್ಲಿ ಶುರುವಾದ ಮೈಕೋ ಕಂಪನಿ ಬೆಂಗಳೂರಿನ ಆಡುಗೋಡಿಯಲ್ಲಿ ತಯಾರಿಸುತ್ತಿದ್ದ ಡೀಸೆಲ್ ಪಂಪುಗಳು ಹೋಗಿ ಸೇರುತ್ತಿದ್ದುದು ಇಂಥ ದುಡಿಯುವ ಯಂತ್ರಗಳನ್ನೇ. 1980ರ ಹೊತ್ತಿಗೆ ಅಂಬಾಸಿಡರ್‌ಗೆ ಡೀಸೆಲ್ ಎಂಜಿನ್ ಬಂತಾದರೂ ಅದರ ಸದ್ದು, ನಡುಕ, ಹೊಗೆಯನ್ನು ಸಹಿಸಿಕೊಂಡವರು ಹೆಚ್ಚಾಗಿ ಟ್ಯಾಕ್ಸಿಯವರು. ಡೀಸೆಲ್ ಕಾರು ಸಂಸಾರಸ್ಥರ ಅಂಗಳಕ್ಕೆ ದೊಡ್ಡ ಸಂಖ್ಯೆಯಲ್ಲಿ ಬಂದದ್ದು 1998ರ ಡಿಸೆಂಬರ್‌ನಲ್ಲಿ ಟಾಟಾ ಇಂಡಿಕಾ ಬಿಡುಗಡೆಯಾದ ಮೇಲೆ. 2007ರಲ್ಲಿ ಮಾರುತಿ ಸ್ವಿಫ್ಟ್‌ಗೆ ಫಿಯೆಟ್‌ನ 1.3 ಲೀಟರ್ ಎಂಜಿನ್ ಕೂತಿತು. ಡಿಸೈರ್, ರಿಟ್ಜ್, ಪುಂಟೋ, ಇಂಡಿಕಾ ವಿಸ್ತಾ ಎಲ್ಲದರ ಬಾನೆಟ್ಟಿನಡಿ ಇದ್ದದ್ದೂ ಅದೇ. ಈ ಕಥೆಯನ್ನು ಎಂಜಿನ್ ಸುಧಾರಿಸಿದ ಕಥೆಯಾಗಿ ಹೇಳುವುದು ರೂಢಿ. ನನ್ನ ಪ್ರಕಾರ ಇದು ಬೆಲೆ ಮತ್ತು ತೆರಿಗೆಯ ಕಥೆ. ಮನೆಯವರೆಲ್ಲ ಕೂತು ಲೆಕ್ಕ ಹಾಕಿದ್ದು ನಿಜ, ಆದರೆ ಆ ಲೆಕ್ಕದ ಅಂಕಿಗಳನ್ನು ಬರೆದುಕೊಟ್ಟದ್ದು ಸರ್ಕಾರ.

ರೈತರಿಗೂ ಸರಕು ಸಾಗಣೆಗೂ ಬೇಕಾದ ಇಂಧನವೆಂದು ಡೀಸೆಲ್ ಬೆಲೆಯನ್ನು ಸರ್ಕಾರ ದಶಕಗಳ ಕಾಲ ಪೆಟ್ರೋಲಿಗಿಂತ ಕೆಳಗೇ ಇಟ್ಟಿತ್ತು. 2010ರ ಜೂನ್‌ನಲ್ಲಿ ಪೆಟ್ರೋಲ್ ಬೆಲೆಯನ್ನು ಮಾರುಕಟ್ಟೆಗೆ ಬಿಟ್ಟು ಡೀಸೆಲನ್ನು ಹಿಡಿದಿಟ್ಟುಕೊಂಡಿತು. ಅಲ್ಲಿಂದ ಅಂತರ ಹಿಗ್ಗುತ್ತಾ ಹೋಗಿ 2012ರ ಮೇ ಕೊನೆಯ ಹೊತ್ತಿಗೆ ದೆಹಲಿಯಲ್ಲಿ ಲೀಟರ್ ಪೆಟ್ರೋಲಿಗೆ 73 ರೂಪಾಯಿ 18 ಪೈಸೆ, ಡೀಸೆಲಿಗೆ 40 ರೂಪಾಯಿ 91 ಪೈಸೆ ಆಯಿತು. ತಿಂಗಳಿಗೆ 1,000 ಕಿಲೋಮೀಟರ್ ಓಡಿಸುವ ಒಂದು ಸಂಸಾರ ಎಂದಿಟ್ಟುಕೊಳ್ಳಿ. ಲೀಟರಿಗೆ 15 ಕಿಲೋಮೀಟರ್ ಕೊಡುವ ಪೆಟ್ರೋಲ್ ಕಾರಿಗೆ ಬಂಕಿನಲ್ಲಿ ಸುಮಾರು 4,900 ರೂಪಾಯಿ ತೆರಬೇಕು. 20 ಕೊಡುವ ಡೀಸೆಲ್ ಕಾರಿಗೆ ಸುಮಾರು 2,050. ಡೀಸೆಲ್ ಕಾರಿಗೆ ಲಕ್ಷ ರೂಪಾಯಿ ಹೆಚ್ಚು ಕೊಟ್ಟಿದ್ದರೂ ಮೂರು ವರ್ಷದೊಳಗೆ ಅಸಲು ಕೈಸೇರುತ್ತಿತ್ತು. ಇಷ್ಟು ಕಣ್ಣಿಗೆ ಕಟ್ಟುವ ಉಳಿತಾಯವನ್ನು ಬಿಟ್ಟು ಪೆಟ್ರೋಲ್ ಕೊಳ್ಳಿ ಎಂದು ಯಾವ ಮಧ್ಯಮ ವರ್ಗದ ಮನೆಗೆ ಹೇಳಲಾದೀತು? ಆ ಹೊತ್ತಿಗೆ ದೇಶದಲ್ಲಿ ಮಾರಾಟವಾಗುತ್ತಿದ್ದ ಪ್ರಯಾಣಿಕ ವಾಹನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಡೀಸೆಲಿನವೇ ಆಗಿದ್ದವು.

ಇದಕ್ಕೆ ಎರಡು ಆಕ್ಷೇಪಗಳಿವೆ, ಎರಡೂ ಹಗುರವಾದವಲ್ಲ. ಮೊದಲನೆಯದು, ಜನ ಡೀಸೆಲ್ ಇಷ್ಟಪಟ್ಟದ್ದು ಬೆಲೆಗಾಗಿ ಮಾತ್ರವಲ್ಲ ಎಂಬುದು: ಐದು ಜನ, ಡಿಕ್ಕಿ ತುಂಬಾ ಸಾಮಾನು ಹೇರಿಕೊಂಡು ಶಿರಾಡಿ ಘಾಟಿ ಹತ್ತುವಾಗ ಡೀಸೆಲ್ ಎಂಜಿನ್ ಎಳೆಯುವ ಪರಿಯೇ ಬೇರೆ. ಒಪ್ಪಿದೆ. ಆದರೆ 2013ರ ಜನವರಿಯಿಂದ ತಿಂಗಳಿಗೆ 50 ಪೈಸೆಯಂತೆ ಡೀಸೆಲ್ ಬೆಲೆ ಏರಿಸುತ್ತಾ ಬಂದು 2014ರ ಅಕ್ಟೋಬರ್‌ನಲ್ಲಿ ಅದನ್ನೂ ಮಾರುಕಟ್ಟೆಗೆ ಬಿಟ್ಟಾಗ ಘಾಟಿ ಸಪಾಟಾಗಲಿಲ್ಲ, ಎಂಜಿನ್ ಸೊರಗಲಿಲ್ಲ, ಅದೇ 1.3 ಲೀಟರ್ ಎಂಜಿನ್ ಇದ್ದೂ ಮಾರಾಟ ಕುಸಿಯಿತು. ಎರಡನೆಯ ಆಕ್ಷೇಪ, ಡೀಸೆಲಿಗೆ ಪೆಟ್ಟು ಕೊಟ್ಟದ್ದು 2020ರ ಏಪ್ರಿಲ್‌ನಲ್ಲಿ ಬಂದ ಬಿಎಸ್ 6 ಹೊಗೆ ನಿಯಮ ಎಂಬುದು. ಹೊಗೆಯ ಮಸಿ ಹಿಡಿದಿಡುವ ಫಿಲ್ಟರು ಮುಂತಾದ ಸಲಕರಣೆಗಳಿಂದ ಡೀಸೆಲ್ ಕಾರು ದುಬಾರಿಯಾದದ್ದು, ಮಾರುತಿ ಡೀಸೆಲನ್ನೇ ಕೈಬಿಟ್ಟದ್ದು ನಿಜವೇ. ಆದರೆ ನಿಯಮ ಬರುವ ಮೊದಲೇ ಡೀಸೆಲಿನ ಪಾಲು ಮೂರನೇ ಒಂದರ ಆಸುಪಾಸಿಗೆ ಇಳಿದಾಗಿತ್ತು. ನಿಯಮ ಬಂದ ಮೇಲೆ ಐದನೇ ಒಂದಕ್ಕೂ ಕೆಳಗಾಯಿತು. ಇಳಿಜಾರಿಗೆ ತಳ್ಳಿದ್ದು ಬೆಲೆ. ನಿಯಮ ಓಟವನ್ನು ಜೋರು ಮಾಡಿತು.

ಆ ಅಗ್ಗದ ಡೀಸೆಲಿನ ಬಿಲ್ಲು ಕಟ್ಟಿದವರು ಯಾರೆಂದೂ ಕೇಳಬೇಕು. 2012–13ರ ಒಂದೇ ವರ್ಷದಲ್ಲಿ ಡೀಸೆಲನ್ನು ಕಡಿಮೆ ಬೆಲೆಗೆ ಮಾರಿದ್ದರಿಂದಾದ ಕೊರತೆ ಸುಮಾರು 92,000 ಕೋಟಿ ರೂಪಾಯಿ. ಪಂಪ್‌ಸೆಟ್ಟಿನ ಹೆಸರಲ್ಲಿ ಕೊಟ್ಟ ಆ ನೆರವಿನ ಒಂದು ಪಾಲು ಕಾರುಗಳ ಟ್ಯಾಂಕಿಗೆ ಹೋಯಿತು. ಇದರ ಬಗ್ಗೆ ಯಾರೂ ಎಚ್ಚರಿಸಿರಲಿಲ್ಲ ಎನ್ನುವಂತಿಲ್ಲ. ಡೀಸೆಲ್ ಕಾರುಗಳ ಮೇಲೆ 80,000 ರೂಪಾಯಿ ಹೆಚ್ಚುವರಿ ಸುಂಕ ಹಾಕಿ ಎಂದು ಕಿರೀಟ್ ಪಾರೀಖ್ ಸಮಿತಿ 2010ರಲ್ಲೇ ಹೇಳಿತ್ತು. ಸರ್ಕಾರ ಅದನ್ನು ಜಾರಿಗೆ ತರಲಿಲ್ಲ. ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಸಾರಿದ್ದು 2012ರ ಜೂನ್‌ನಲ್ಲಿ, ಬೆಲೆಯ ಅಂತರ ಅತಿ ದೊಡ್ಡದಾಗಿದ್ದ ಹೊತ್ತಿನಲ್ಲೇ. ಮಕ್ಕಳ ಉಸಿರಿಗೆ ಸೇರುವ ಮಸಿಯನ್ನು ನಾವೇ ಹಣ ಕೊಟ್ಟು ಅಗ್ಗ ಮಾಡಿಕೊಂಡದ್ದು ನನ್ನನ್ನು ಈಗಲೂ ಕಾಡುತ್ತದೆ.

ಈ ಇಡೀ ಚರಿತ್ರೆಯನ್ನು ಬಿಡದಿಯ ಟೊಯೋಟಾ ಕಾರ್ಖಾನೆಯೊಂದರಲ್ಲೇ ಓದಬಹುದು. 2000ದಲ್ಲಿ ಕ್ವಾಲಿಸ್, 2005ರಲ್ಲಿ ಇನ್ನೋವಾ, ಎರಡೂ ಹೆಸರು ಮಾಡಿದ್ದು ಡೀಸೆಲ್ ಗಾಡಿಗಳಾಗಿ. 2015ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ದೆಹಲಿ ಸುತ್ತಮುತ್ತ 2,000 ಸಿಸಿ ಮತ್ತು ಮೇಲ್ಪಟ್ಟ ಡೀಸೆಲ್ ಕಾರುಗಳ ನೋಂದಣಿ ನಿಲ್ಲಿಸಿತು. ಮರುವರ್ಷದ ಆಗಸ್ಟ್‌ನಲ್ಲಿ ಇನ್ನೋವಾ ಕ್ರಿಸ್ಟಾ ಪೆಟ್ರೋಲಿನಲ್ಲೂ ಬಂತು. 2022ರ ಕೊನೆಗೆ ಪ್ರಕಟವಾದ ಹೈಕ್ರಾಸ್‌ನಲ್ಲಿ ಡೀಸೆಲ್ ಇಲ್ಲವೇ ಇಲ್ಲ, ಪೆಟ್ರೋಲ್ ಮತ್ತು ಹೈಬ್ರಿಡ್ ಎರಡೇ. ಹೈಬ್ರಿಡ್ ಎಂದರೆ ಬ್ರೇಕ್ ಒತ್ತಿದಾಗ ವ್ಯರ್ಥವಾಗುವ ಶಕ್ತಿಯನ್ನು ಬ್ಯಾಟರಿಗೆ ತುಂಬಿಕೊಂಡು, ನಿಧಾನಗತಿಯಲ್ಲಿ ಎಂಜಿನ್ ಆರಿಸಿ ಮೋಟಾರಿನಿಂದ ಸಾಗುವ ಗಾಡಿ. ಸಿಲ್ಕ್ ಬೋರ್ಡಿನಂಥ ದಟ್ಟಣೆಯಲ್ಲಿ ಅದರ ಮೈಲೇಜು ಎದ್ದು ಕಾಣುತ್ತದೆ. ಡೀಸೆಲಿನ ಮಸಿ ಫಿಲ್ಟರು ಕಟ್ಟಿಕೊಳ್ಳುವುದೂ ಇಂಥ ಸಣ್ಣಪುಟ್ಟ ಓಡಾಟದಲ್ಲೇ. ಆದರೆ ಇಲ್ಲೂ ಮಾತು ತೆರಿಗೆಗೇ ಬಂದು ನಿಲ್ಲುತ್ತದೆ. 2017ರ ಜಿಎಸ್‌ಟಿಯಲ್ಲಿ ಹೈಬ್ರಿಡ್‌ಗೆ ಸೆಸ್ ಸೇರಿ ಶೇಕಡಾ 43 ತೆರಿಗೆ ಬಿತ್ತು. 2025ರ ಸೆಪ್ಟೆಂಬರ್‌ನ ಬದಲಾವಣೆಯ ನಂತರ ನಾಲ್ಕು ಮೀಟರಿಗಿಂತ ಉದ್ದದ ಹೈಬ್ರಿಡ್‌ಗೂ ಅದೇ ಗಾತ್ರದ ಡೀಸೆಲ್‌ಗೂ ಒಂದೇ 40, ವಿದ್ಯುತ್ ಕಾರಿಗೆ 5. ಹೈಬ್ರಿಡ್ ಕೊನೆಗೂ ಪೆಟ್ರೋಲ್ ಸುಡುವ ಗಾಡಿ ತಾನೇ, ರಿಯಾಯಿತಿ ಏಕೆ ಎಂಬ ಮಾತಿದೆ. ಆದರೆ ಚಾರ್ಜ್ ಮಾಡಲು ಜಾಗವಿಲ್ಲದ ಬಾಡಿಗೆ ಮನೆಯವರು, ಹಬ್ಬಕ್ಕೆ ಐನೂರು ಕಿಲೋಮೀಟರ್ ದೂರದ ಊರಿಗೆ ಹೋಗುವವರು ಡೀಸೆಲ್ ಬಿಟ್ಟರೆ ಮುಖ ಮಾಡುವುದು ಹೈಬ್ರಿಡ್ ಕಡೆಗೇ. ಅವರ ಮಟ್ಟಿಗೆ ಹೋಲಿಕೆ ಈ ಎರಡರ ನಡುವೆ, ತೆರಿಗೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟಿದೆ. ಹೈಕ್ರಾಸ್ ಬಂದ ಮರುವರ್ಷವೇ ಡೀಸೆಲ್ ಕ್ರಿಸ್ಟಾ ಮತ್ತೆ ಮಾರಾಟಕ್ಕೆ ಬಂತು, ಅದೂ ಬಿಡದಿಯಿಂದಲೇ.