ಹಳೆ ಏರೋಡ್ರೋಮ್‌ಗಳ ಕಥೆ: ವಿಮಾನ ಹೋದ ಮೇಲೆ ನೆಲ ಯಾರದ್ದು?

ವರದಿಗಾರಿಕೆಗೆ ಬಂದ ಹೊಸತರಲ್ಲಿ ನಾವೊಂದು ತಪ್ಪು ಮಾಡಿದ್ದೆವು. 2017ರಲ್ಲಿ ಉಡಾನ್ ಯೋಜನೆಯಡಿ ಹೈದರಾಬಾದ್‌ನಿಂದ ತೋರಣಗಲ್ಲು ಬಳಿಯ ವಿದ್ಯಾನಗರಕ್ಕೆ ವಿಮಾನ ಸಂಚಾರ ಶುರುವಾದಾಗ ಎಲ್ಲರಂತೆ ನಾವೂ ಸುದ್ದಿ ಬರೆದೆವು. ಕೊನೆಗೆ ‘ಬಳ್ಳಾರಿ ಜಿಲ್ಲೆಗೆ ವಿಮಾನ ಬಂದಿದ್ದು ಇದೇ ಮೊದಲು’ ಎಂಬ ಸಾಲು ಸೇರಿಸಿ ಕಳಿಸಿದೆವು. ಡೆಸ್ಕ್‌ನವರೂ ಅದನ್ನು ಹಾಗೇ ಬಿಟ್ಟರು. ಮರುದಿನ ಬೆಳಗ್ಗೆ ಏಳಕ್ಕೇ ಫೋನ್ ಬಂತು. ಆ ಕಡೆ ಇದ್ದವರು ನಿವೃತ್ತ ಅಂಚೆ ನೌಕರರು.

‘ಏನಪ್ಪಾ, ಯಾವ ಮೊದಲು? ನಮ್ಮೂರಿಗೆ ವಿಮಾನ ಬಂದು ಎಂಬತ್ತೈದು ವರ್ಷ ಆತು. ನಮ್ಮ ಇಲಾಖೆ ಟಪಾಲು ಹೊತ್ಕೊಂಡು ಬಂದಿತ್ತದು. ಬರಿಯಾಕ ಮುಂಚೆ ಯಾರನ್ನಾದ್ರೂ ಒಂದು ಮಾತು ಕೇಳಬಾರದಾ?’

ಕೇಳಬೇಕಿತ್ತು, ನಿಜ. ಅವತ್ತಿನಿಂದ ನಮಗೆ ಹಳೆ ಏರೋಡ್ರೋಮ್‌ಗಳ ಗೀಳು ಹಿಡಿದಿದೆ. ಸುದ್ದಿಗೆಂದು ಎಲ್ಲಿಗೆ ಹೋದರೂ ಹಿರಿಯರನ್ನು ಒಂದು ಪ್ರಶ್ನೆ ಕೇಳುತ್ತೇವೆ: ‘ಇಲ್ಲಿ ಮೊದಲು ವಿಮಾನ ಇಳಿಯುತ್ತಿತ್ತಾ?’ ಎಷ್ಟೋ ಊರಲ್ಲಿ ‘ಹೌದು’ ಎಂಬ ಉತ್ತರ ಬಂದಿದೆ. ‘ಆ ನೆಲ ಈಗ ಏನಾಗಿದೆ’ ಎಂದರೆ ಮಾತ್ರ ಒಬ್ಬೊಬ್ಬರದು ಒಂದೊಂದು ಉತ್ತರ.

ಟಪಾಲು ಹಾರಿ ಬಂದ ದಿನ

ಮೊದಲು ಬಳ್ಳಾರಿಯ ಕಥೆ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ‘ಪುಸ್ ಮಾತ್’ ಎಂಬ ಒಂದೇ ಎಂಜಿನ್‌ನ ಪುಟ್ಟ ವಿಮಾನದಲ್ಲಿ ಕರಾಚಿಯಿಂದ ಹೊರಟರು. ಹೊತ್ತಿದ್ದು ಸುಮಾರು 25 ಕೆ.ಜಿ. ಟಪಾಲು. ಲಂಡನ್‌ನಿಂದ ಕರಾಚಿಗೆ ಇಂಪೀರಿಯಲ್ ಏರ್‌ವೇಸ್ 1929ರಿಂದಲೇ ಅಂಚೆ ತರುತ್ತಿತ್ತು. ಅದನ್ನು ಬೇಗ ದೇಶದೊಳಕ್ಕೆ ಮುಟ್ಟಿಸುವುದು ಈ ಹೊಸ ಸೇವೆಯ ಉದ್ದೇಶ. ಅಹಮದಾಬಾದ್‌ನಲ್ಲಿ ಇಳಿದಾಗ ವಿಮಾನಕ್ಕೆ ಹಾಕುವ ಪೆಟ್ರೋಲು ಡಬ್ಬಿಗಳಲ್ಲಿ ಎತ್ತಿನ ಗಾಡಿ ಮೇಲೆ ಬಂತು. ಮಧ್ಯಾಹ್ನದ ಹೊತ್ತಿಗೆ ಜೆ.ಆರ್.ಡಿ. ಮುಂಬೈನ ಜುಹುವಿನಲ್ಲಿ ಇಳಿದರು. ಅಲ್ಲಿಂದ ಮುಂದಿನ ಟಪಾಲನ್ನು ಮದ್ರಾಸಿಗೆ ಒಯ್ದವರು ಅವರ ಜೊತೆಗಾರ ನೆವಿಲ್ ವಿನ್ಸೆಂಟ್. ಆ ದಾರಿಯ ನಿಲ್ದಾಣವೇ ಬಳ್ಳಾರಿ.

ಮುಂದೆ ಏರ್ ಇಂಡಿಯಾ ಆಗಿ ಬೆಳೆದ ಸಂಸ್ಥೆಯ ಮೊಟ್ಟಮೊದಲ ಮಾರ್ಗದಲ್ಲಿ ಹೆಸರಿದ್ದದ್ದು ಐದೇ ಊರು: ಕರಾಚಿ, ಅಹಮದಾಬಾದ್, ಮುಂಬೈ, ಬಳ್ಳಾರಿ, ಮದ್ರಾಸ್. ಬೆಂಗಳೂರಿನ ಹೆಸರು ಅದರಲ್ಲಿಲ್ಲ. ಇದನ್ನು ಓದಿದಾಗ ನಮಗೆ ಹೆಮ್ಮೆಯೆನಿಸಿತು. ಆಮೇಲೆ ಯೋಚಿಸಿದೆವು: ಬಳ್ಳಾರಿಯೇ ಯಾಕೆ?

ಬಳ್ಳಾರಿಯ ಜನ ವಿಮಾನ ಬೇಕೆಂದು ಮನವಿ ಕೊಟ್ಟಿರಲಿಲ್ಲ. ನಕ್ಷೆ ತೆಗೆದು ಮುಂಬೈಯಿಂದ ಮದ್ರಾಸಿಗೆ ಒಂದು ಗೆರೆ ಎಳೆದು ನೋಡಿ, ನಡುವೆ ಬಳ್ಳಾರಿ ಸಿಗುತ್ತದೆ. ಅಂದಿನ ಸಣ್ಣ ವಿಮಾನಕ್ಕೆ ಸಾವಿರ ಕಿಲೋಮೀಟರ್ ದಾರಿಯನ್ನು ಒಂದೇ ನೆಗೆತಕ್ಕೆ ದಾಟುವ ಶಕ್ತಿಯಿರಲಿಲ್ಲ. ನಡುದಾರಿಯಲ್ಲಿ ಇಳಿಯಬೇಕು, ಎಣ್ಣೆ ಹಾಕಿಕೊಳ್ಳಬೇಕು. ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದ ಜಿಲ್ಲಾ ಕೇಂದ್ರ. ರೈಲಿತ್ತು, ಕಂಟೋನ್ಮೆಂಟ್ ಇತ್ತು, ಸಮತಟ್ಟಾದ ಬಯಲಿತ್ತು. ಹಳೆ ಕಾಲದ ಉಗಿಬಂಡಿ ನೀರು ಕುಡಿಯಲೆಂದೇ ಕೆಲವು ಸ್ಟೇಷನ್‌ಗಳಲ್ಲಿ ನಿಲ್ಲುತ್ತಿತ್ತಲ್ಲ, ಇದೂ ಹಾಗೆಯೇ. ವಿಮಾನಕ್ಕೆ ನಮ್ಮೂರು ಬೇಕಾಗಿದ್ದು ಎಣ್ಣೆಗಾಗಿ. ಟ್ಯಾಂಕು ದೊಡ್ಡದಾದ ಮೇಲೆ ನಮ್ಮೂರಿನ ಹಂಗು ಬೇಡವಾಯಿತು.

ಈ ಒಂದು ಮಾತು ಹೊಳೆದ ಮೇಲೆ ಉಳಿದ ಏರೋಡ್ರೋಮ್‌ಗಳ ಕಥೆಯೂ ಅರ್ಥವಾಗತೊಡಗಿತು. ಪ್ರತಿಯೊಂದನ್ನೂ ಯಾರದೋ ಒಂದು ಅಗತ್ಯಕ್ಕೆ ಮಾಡಿದ್ದರು. ಆ ಅಗತ್ಯ ಎಷ್ಟು ದಿನವೋ ಏರೋಡ್ರೋಮ್ ಅಷ್ಟು ದಿನ.

ಕೋಲಾರದಲ್ಲಿ ಹುಟ್ಟಿದ ದಳ

1942ರಲ್ಲಿ ಜಪಾನಿನ ಸೈನ್ಯ ಬರ್ಮಾವನ್ನು ಹಿಡಿಯಿತು. ಬ್ರಿಟಿಷರಿಗೆ ದಕ್ಷಿಣ ಭಾರತದಲ್ಲಿ ತುರ್ತಾಗಿ ವಿಮಾನ ನೆಲೆಗಳು ಬೇಕಾದವು. ಬೆಳಗಾವಿ ಪಕ್ಕದ ಸಾಂಬ್ರಾದಲ್ಲಿ ಅದೇ ವರ್ಷ ವಾಯುನೆಲೆ ಬಂತು. ಯಲಹಂಕ, ಕೋಲಾರಗಳೂ ಯುದ್ಧದ ನಕ್ಷೆಗೆ ಸೇರಿದವು.

ಕೋಲಾರ ಎಂದರೆ ಚಿನ್ನ, ಹಾಲು, ಬತ್ತಿದ ಕೆರೆ, ಇಷ್ಟೇ ನಮ್ಮ ತಲೆಯಲ್ಲಿರುವುದು. ಆದರೆ 1944ರ ನವೆಂಬರ್ 8ರಂದು ಬ್ರಿಟಿಷ್ ವಾಯುಪಡೆಯ 358ನೇ ದಳ ಹುಟ್ಟಿದ್ದು ಕೋಲಾರದಲ್ಲಿ. ನಾಲ್ಕು ಎಂಜಿನ್‌ಗಳ ದೊಡ್ಡ ಲಿಬರೇಟರ್ ವಿಮಾನ ಹಾರಿಸುವವರಿಗೆ ಅಲ್ಲಿ ತರಬೇತಿ ನಡೆಯುತ್ತಿತ್ತು. ಆ ತರಬೇತಿ ಘಟಕದವರನ್ನೇ ಸೇರಿಸಿ ಈ ದಳ ಕಟ್ಟಿದರು. ಕೆಲವೇ ತಿಂಗಳಲ್ಲಿ ಅದು ಬಂಗಾಳದ ಕಡೆ ಹೋಯಿತು. ಜಪಾನ್ ಹಿಡಿತದಲ್ಲಿದ್ದ ಬರ್ಮಾ, ಥಾಯ್ಲೆಂಡ್ ಪ್ರದೇಶಗಳ ಮೇಲೆ ರಾತ್ರಿ ಹಾರಿ ಗುಪ್ತಚರರನ್ನೂ ಸಾಮಾನುಗಳನ್ನೂ ಕೆಳಗಿಳಿಸುವುದು ಅದರ ಕೆಲಸವಾಗಿತ್ತು. 1945ರ ನವೆಂಬರ್‌ನಲ್ಲಿ ದಳವನ್ನೇ ವಿಸರ್ಜಿಸಿದರು. ಹುಟ್ಟಿ ಸತ್ತದ್ದು ಸುಮಾರು ಒಂದು ವರ್ಷದಲ್ಲಿ.

ಯುದ್ಧ ಮುಗಿದಾಗ ಬ್ರಿಟಿಷರು ಇಂಥ ಹತ್ತಾರು ಲಿಬರೇಟರ್‌ಗಳನ್ನು ಮತ್ತೆ ಹಾರದಂತೆ ಹಾಳುಮಾಡಿ ಕಾನ್ಪುರದಲ್ಲಿ ಬಿಟ್ಟು ಹೋದರು. 1948ರಲ್ಲಿ ಬೆಂಗಳೂರಿನ ಎಚ್‌ಎಎಲ್‌ನವರು ಆ ಗುಜರಿಯಿಂದ ಒಂದೊಂದನ್ನೇ ಹಾರುವಷ್ಟು ಮಾತ್ರ ಸರಿಮಾಡಿ ಬೆಂಗಳೂರಿಗೆ ಹಾರಿಸಿ ತಂದರು. ಇಲ್ಲಿ ಪೂರ್ತಿ ದುರಸ್ತಿ ಮಾಡಿದರು. ಹೀಗೆ ಸುಮಾರು 40 ವಿಮಾನಗಳು ಭಾರತೀಯ ವಾಯುಪಡೆ ಸೇರಿ 1968ರವರೆಗೆ ದುಡಿದವು. ಬಿಟ್ಟುಹೋದ ವಿಮಾನಕ್ಕೆ ಮರುಜೀವ ಕೊಟ್ಟವರು ನಮ್ಮವರು. ಬಿಟ್ಟುಹೋದ ನೆಲಕ್ಕೆ ಅಂಥ ಅದೃಷ್ಟ ಎಲ್ಲ ಕಡೆ ಬರಲಿಲ್ಲ.

ಬೀದರಿಗೆ ಬಂದೂಕು ಬಂದ ರಾತ್ರಿಗಳು

ಬೀದರ್ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ದೇಶಕ್ಕೆ ಸ್ವಾತಂತ್ರ್ಯ ಬಂದರೂ ನಿಜಾಮ ಒಕ್ಕೂಟ ಸೇರಲಿಲ್ಲ. ಸುತ್ತಲಿನ ನೆಲದ ದಾರಿಗಳೆಲ್ಲ ಭಾರತದ ಕೈಯಲ್ಲಿದ್ದವು. ಆಗ ಆಸ್ಟ್ರೇಲಿಯಾ ಮೂಲದ ಸಿಡ್ನಿ ಕಾಟನ್ ಎಂಬ ವಿಮಾನಿ ಕರಾಚಿಯಿಂದ ರಾತ್ರಿ ಹೊತ್ತು ಭಾರತದ ಆಕಾಶ ದಾಟಿ ನಿಜಾಮನ ಸಂಸ್ಥಾನಕ್ಕೆ ಆಯುಧ ತಂದಿಳಿಸುತ್ತಿದ್ದ. ಆ ವಿಮಾನಗಳು ಇಳಿಯುತ್ತಿದ್ದ ತಾಣಗಳಲ್ಲಿ ಬೀದರ್ ಒಂದು. 1948ರ ಸೆಪ್ಟೆಂಬರ್ 13ರಂದು ಪೊಲೀಸ್ ಕಾರ್ಯಾಚರಣೆ ಶುರುವಾದಾಗ ಭಾರತೀಯ ವಾಯುಪಡೆ ಬಾಂಬ್ ಹಾಕಿದ ಗುರಿಗಳಲ್ಲಿ ಈ ರನ್‌ವೇಯೂ ಸೇರಿತ್ತು. ಸೆಪ್ಟೆಂಬರ್ 17ಕ್ಕೆ ನಿಜಾಮ ಶರಣಾದ. ನಾವು ಪ್ರತಿ ವರ್ಷ ಸೆಪ್ಟೆಂಬರ್ 17ರಂದು ಕಲ್ಯಾಣ ಕರ್ನಾಟಕ ಉತ್ಸವದ ವರದಿ ಬರೆಯುತ್ತೇವೆ. ಈ ರನ್‌ವೇ ಹೆಸರನ್ನು ಭಾಷಣದಲ್ಲಿ ತೆಗೆದವರನ್ನು ನಾವಂತೂ ಕಂಡಿಲ್ಲ.

ಅದೇ ಬೀದರ್ 1960ರ ದಶಕದಲ್ಲಿ ವಾಯುಪಡೆಯ ತರಬೇತಿ ಕೇಂದ್ರವಾಯಿತು. ಬಾಂಬ್ ಬಿದ್ದ ಜಾಗದಲ್ಲಿ ಈಗ ಹುಡುಗರು ವಿಮಾನ ಹಾರಿಸಲು ಕಲಿಯುತ್ತಾರೆ. 2020ರಲ್ಲಿ ಅಲ್ಲಿಂದ ಪ್ರಯಾಣಿಕರ ವಿಮಾನವೂ ಹಾರಿತು. ಸಾಂಬ್ರಾದ ಕಥೆಯೂ ಇಂಥದ್ದೇ. ಯುದ್ಧಕ್ಕೆಂದು ಬ್ರಿಟಿಷರು ಮಾಡಿದ ನೆಲೆಯಿಂದ 1961ರ ಡಿಸೆಂಬರ್‌ನಲ್ಲಿ ನಮ್ಮ ಹಂಟರ್ ವಿಮಾನಗಳು ಹಾರಿ ಗೋವಾದ ಬಂಬೋಲಿಂನಲ್ಲಿದ್ದ ಪೋರ್ಚುಗೀಸರ ವೈರ್‌ಲೆಸ್ ಕೇಂದ್ರವನ್ನು ಹೊಡೆದವು. ಇವತ್ತಿಗೂ ಅಲ್ಲಿ ವಾಯುಪಡೆಯ ತರಬೇತಿ ಶಾಲೆಯಿದೆ, ಪಕ್ಕದಲ್ಲೇ ನಾಗರಿಕ ವಿಮಾನ ನಿಲ್ದಾಣವಿದೆ.

ಉಳಿದದ್ದು, ಉಳಿಯದ್ದು

ಹೀಗೆ ಪಟ್ಟಿ ಮಾಡುತ್ತಾ ಹೋದರೆ ಒಂದು ಲೆಕ್ಕ ಸಿಗುತ್ತದೆ. ಬೀದರ್, ಸಾಂಬ್ರಾ, ಯಲಹಂಕ ಉಳಿದದ್ದು ವಾಯುಪಡೆ ಅಲ್ಲೇ ನಿಂತದ್ದರಿಂದ. ಬೆಂಗಳೂರಿನ ಎಚ್‌ಎಎಲ್ ರನ್‌ವೇ ಉಳಿದದ್ದು ಕಾರ್ಖಾನೆ ಇದ್ದದ್ದರಿಂದ. 2008ರ ಮೇ ತಿಂಗಳಲ್ಲಿ ಪ್ರಯಾಣಿಕರೆಲ್ಲ ದೇವನಹಳ್ಳಿಗೆ ಹೋದರೂ ಆ ರನ್‌ವೇಗೆ ಕೆಲಸ ತಪ್ಪಲಿಲ್ಲ. ಜಕ್ಕೂರಿನ ಏರೋಡ್ರೋಮ್ ಉಳಿದದ್ದು ಸರ್ಕಾರಿ ವಿಮಾನ ತರಬೇತಿ ಶಾಲೆಯಿಂದ. ಆದರೆ ಸುತ್ತ ಊರು ಬೆಳೆದು ಅದೀಗ ಕಟ್ಟಡಗಳ ನಡುವಿನ ಬಯಲು. ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ ಬೇಗ ಹೋಗಲೆಂದು ಕಟ್ಟಿದ ಮೇಲ್ಸೇತುವೆ ಎದುರಿಗೇ ಬಂದು ಜಕ್ಕೂರಿನ ಹಾರಾಟಕ್ಕೆ ಅಡ್ಡಿಯಾಯಿತು. ಆ ರಸ್ತೆಯ ಹೆಸರು ಬಳ್ಳಾರಿ ರಸ್ತೆ!

ಬೆನ್ನಿಗೆ ಕಾಯಂ ಯಜಮಾನ ಇಲ್ಲದೆ, ಬರೀ ಪ್ರಯಾಣಿಕರನ್ನು ನಂಬಿದ ಏರೋಡ್ರೋಮ್‌ಗಳ ಪಾಡು ಬೇರೆ. ಮೈಸೂರಿನ ಮಂಡಕಳ್ಳಿ ಅರಸರ ಕಾಲದ್ದು. ಸಣ್ಣ ಊರುಗಳಿಗೆ ವಿಮಾನ ಮುಟ್ಟಿಸಲೆಂದು ಕೇಂದ್ರ ಸರ್ಕಾರ 1981ರಲ್ಲಿ ಶುರುಮಾಡಿದ ‘ವಾಯುದೂತ್’ ಅಲ್ಲಿಗೂ ಬಂತು, ಕೆಲವೇ ವರ್ಷಗಳಲ್ಲಿ ನಿಂತೂ ಹೋಯಿತು. ಮತ್ತೆ ಕಟ್ಟಡ, ರನ್‌ವೇ ಹೊಸದಾಗಿ ವಿಮಾನ ಬರಲು 2010 ಆಯಿತು. ಮೈಸೂರಿನಂಥ ಮೈಸೂರಿಗೇ ಹೀಗಾದರೆ ಸಣ್ಣ ಜಿಲ್ಲೆಗಳ ಮಾತೇನು?

ಮತ್ತೆ ಬಳ್ಳಾರಿಗೆ

ಬಳ್ಳಾರಿ ಕಂಟೋನ್ಮೆಂಟ್ ಕಡೆಯ ಹಳೆ ಏರೋಡ್ರೋಮ್ ನಮ್ಮ ಓರಗೆಯವರಿಗೆ ವಿಮಾನದ ಜಾಗವಾಗಿ ಗೊತ್ತಿರಲಿಲ್ಲ, ಬಯಲಾಗಿ ಗೊತ್ತಿತ್ತು. 1999ರ ಲೋಕಸಭಾ ಚುನಾವಣೆಯಲ್ಲಿ ಸೋನಿಯಾ ಗಾಂಧಿ, ಸುಷ್ಮಾ ಸ್ವರಾಜ್ ಬಳ್ಳಾರಿಯಲ್ಲಿ ಎದುರಾಬದುರಾದಾಗ ಹೆಲಿಕಾಪ್ಟರ್ ಸದ್ದು ಕೇಳಿದರೆ ಸಾಕು, ಉಣ್ಣುವ ತಟ್ಟೆ ಬಿಟ್ಟು ಓಡುತ್ತಿದ್ದೆವು. ಆಮೇಲೆ ಗಣಿಯ ದಿನಗಳು ಬಂದವು. ಹೆಲಿಕಾಪ್ಟರ್ ಎಷ್ಟು ಮಾಮೂಲಾಯಿತೆಂದರೆ ಸಣ್ಣ ಮಕ್ಕಳೂ ತಲೆಯೆತ್ತುವುದು ಬಿಟ್ಟರು. ಉಕ್ಕಿನ ಕಾರ್ಖಾನೆಗೆಂದು ಮಾಡಿದ ತೋರಣಗಲ್ಲಿನ ರನ್‌ವೇಯಿಂದ ಸಾರ್ವಜನಿಕರೂ ಹಾರುವಂತಾಯಿತು. ಅದು ಬಳ್ಳಾರಿಯಿಂದ ಸುಮಾರು 30 ಕಿಲೋಮೀಟರ್.

ಇಷ್ಟೆಲ್ಲ ಇದ್ದೂ ಊರಿಗೆ ಹೊಸ ವಿಮಾನ ನಿಲ್ದಾಣ ಬೇಕೆಂದು ಬಳ್ಳಾರಿ ತಾಲ್ಲೂಕಿನ ಚಾಗನೂರು, ಸಿರಿವಾರದಲ್ಲಿ ಸುಮಾರು 900 ಎಕರೆ ಭೂಮಿಗೆ ಸರ್ಕಾರ ಕೈಹಾಕಿತು. ಅದು ಬರಡು ಬಯಲಲ್ಲ, ನೀರಾವರಿಯ ಒಳ್ಳೆ ಹೊಲ. ರೈತರು ಬೀದಿಗಿಳಿದರು, ಕೋರ್ಟಿಗೂ ಹೋದರು. 2010ರಲ್ಲಿ ಖಾಸಗಿ ಕಂಪನಿಯ ಜೊತೆ ಒಪ್ಪಂದವಾಯಿತು. ಕೆಲಸ ಮೇಲೇಳಲಿಲ್ಲ, ಒಪ್ಪಂದವೂ ರದ್ದಾಯಿತು. ನಾವಿದನ್ನು ಬರೆಯುವ ಹೊತ್ತಿಗೂ ಅಲ್ಲಿಂದ ಒಂದೇ ಒಂದು ವಿಮಾನ ಹಾರಿಲ್ಲ.

ಹಳೆ ಏರೋಡ್ರೋಮ್‌ಗಳ ಇತಿಹಾಸ ಓದಿದವರಿಗೆ ಇದು ಹೊಸತೆನಿಸುವುದಿಲ್ಲ. ವಿಮಾನದ ಅಗತ್ಯ ಯಾರದ್ದೆಂದು ಗಟ್ಟಿಯಾಗುವ ಮೊದಲೇ ನೆಲ ಹೋಗಿರುತ್ತದೆ. ಒಂದು ವ್ಯತ್ಯಾಸವಿದೆ, ಅದೇ ದೊಡ್ಡದು. 1932ರ ವಿಮಾನಕ್ಕೆ ಬೇಕಾಗಿದ್ದು ಕಲ್ಲು ಆರಿಸಿದ ಒಂದು ಮೈದಾನ. ವಿಮಾನ ಬರುವುದು ನಿಂತರೆ ಮರುದಿನ ಅಲ್ಲಿ ದನ ಮೇಯಿಸಬಹುದಿತ್ತು. ಇಂದಿನ ವಿಮಾನಕ್ಕೆ ನೂರಾರು ಎಕರೆ ಬೇಕು. ಆ ಯೋಜನೆ ನಿಂತರೆ ನೆಲ ರೈತನ ಕೈಗೆ ತಾನಾಗಿ ವಾಪಸ್ ಬರುವುದಿಲ್ಲ. 2013ರ ಭೂಸ್ವಾಧೀನ ಕಾಯ್ದೆಯ 101ನೇ ಕಲಮಿನಲ್ಲಿ ಒಂದು ಮಾತಿದೆ: ವಶಕ್ಕೆ ಪಡೆದ ಭೂಮಿಯನ್ನು ಐದು ವರ್ಷ ಬಳಸದೇ ಬಿಟ್ಟರೆ ಮೂಲ ಮಾಲೀಕರಿಗೆ ಅಥವಾ ಸರ್ಕಾರದ ಭೂ ಬ್ಯಾಂಕಿಗೆ ಮರಳಿಸಬೇಕು. ಆ ‘ಅಥವಾ’ದಲ್ಲೇ ರೈತನ ಎದೆ ಡವಡವ ಎನ್ನುವುದು. ಅದಕ್ಕೂ ಮುಂಚಿನ ಕಾಯ್ದೆಗಳಡಿ ಹೋದ ಭೂಮಿಯ ರೈತರಿಗೆ ಈ ಆಸರೆಯೂ ನೇರವಾಗಿ ಸಿಗುವುದಿಲ್ಲ.

ವಿಮಾನ ಬೇಡವೆಂದು ನಾವು ಹೇಳುತ್ತಿಲ್ಲ. ನಮ್ಮ ಜಿಲ್ಲೆಯ ರೋಗಿಯೂ ವಿದ್ಯಾರ್ಥಿಯೂ ವ್ಯಾಪಾರಿಯೂ ಬೇಗ ಊರು ಮುಟ್ಟಲಿ. ಆದರೆ ‘ಬಹುದಿನಗಳ ಕನಸು ನನಸು’ ಎಂದು ಬರೆಯುವ ಮೊದಲು ನಮ್ಮಂಥ ವರದಿಗಾರರು ತಾಲ್ಲೂಕು ಕಚೇರಿಗೆ ಒಮ್ಮೆ ಹೋಗಿ ಬರುವುದು ಒಳ್ಳೆಯದು. ಹಳೆ ಏರೋಡ್ರೋಮ್‌ನ ಸರ್ವೆ ನಂಬರ್ ಹಿಡಿದು ಪಹಣಿ ತೆಗೆಸಿ. ಅಕ್ಕಪಕ್ಕದ ಹೊಲದ ಹಿರಿಯರ ಹತ್ತಿರ ಒಂದು ಗಂಟೆ ಕೂತು ಕೇಳಿ. ಟಪಾಲು ವಿಮಾನವನ್ನು ಕಣ್ಣಾರೆ ಕಂಡವರು ಈಗ ಇಲ್ಲ. ಅವರಿಂದ ಕೇಳಿದವರೂ ಕಡಿಮೆಯಾಗುತ್ತಿದ್ದಾರೆ.

ನಮಗೆ ಫೋನ್ ಮಾಡಿದ ಆ ಅಂಚೆಯವರನ್ನು ಆಮೇಲೆ ಮನೆಗೇ ಹೋಗಿ ಕಂಡೆವು. ತಪ್ಪಾಯಿತು ಎಂದೆವು. ಅವರು ನಕ್ಕು ಚಹಾ ತರಿಸಿದರು. ಈಗ ಜಿಲ್ಲೆಗೆ ಯಾವ ಮಂತ್ರಿ ಬಂದು ವಿಮಾನ ನಿಲ್ದಾಣದ ಮಾತು ತೆಗೆದರೂ ಪತ್ರಿಕಾಗೋಷ್ಠಿಯಲ್ಲಿ ನಮ್ಮದೊಂದು ಪ್ರಶ್ನೆ ಇದ್ದೇ ಇರುತ್ತದೆ: ಸಾರ್, ಹೋದ ಸಲ ತಗೊಂಡ ನೆಲ ಈಗ ಯಾರ ಹೆಸರಲ್ಲಿದೆ?